ಅಕ್ಕ ಕೇಳಿದ ಪ್ರಶ್ನೆ

ನಮ್ಮ ಭಾವನವರು ತೀರಿಹೋದುದು ೨೦೨೨ನೆಯ ಇಸವಿಯ ಶ್ರಾವಣದಲ್ಲಿ. ಹದಿಮೂರನೆಯ ದಿನ ಊಟವಾದ ಮೇಲೆ ಬಂಧುಗಳೆಲ್ಲ ಹಜಾರದಲ್ಲಿ ಕುಳಿತು, ಸಾವಾದ ಮನೆಯಲ್ಲಿ ಎಲ್ಲರೂ ಮಾಡುವಂತೆ, ಕಾರಣವನ್ನು ಹುಡುಕತೊಡಗಿದರು. ಒಬ್ಬರು ಕಾಫಿಯೆಂದರು, ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಿದ್ದರಲ್ಲವೆ? ಮತ್ತೊಬ್ಬರು ಊರಿನ ನೀರೆಂದರು. ಇನ್ನೊಬ್ಬರು, ಮಗಳ ಮದುವೆಯ ಚಿಂತೆಯನ್ನು ಮನಸ್ಸಿಗೆ ಹಚ್ಚಿಕೊಂಡುದರ ಫಲವೆಂದರು. “ಯಾವ ಚಟವೂ ಇಲ್ಲದ ಮನುಷ್ಯ. ಬೀಡಿಯಿಲ್ಲ, ಸಿಗರೇಟಿಲ್ಲ, ಕುಡಿತದ ಮಾತಂತೂ ಎತ್ತುವ ಹಾಗೇ ಇಲ್ಲ. ಅಂಥವರಿಗೇ ಹೀಗಾದರೆ ನಮ್ಮ ಗತಿಯೇನು?” ಎಂದು ಹಿರಿಯರೊಬ್ಬರು ನಿಟ್ಟುಸಿರುಬಿಟ್ಟು, ಮುಂದಿದ್ದ ಬೆಳ್ಳಿಯ ಡಬ್ಬಿಯಿಂದ ಎರಡೆಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆಯೊಂದಿಗೆ ಒಂದು ಚಿಟಿಕೆ ಹೊಗೆಸೊಪ್ಪನ್ನೂ ಇಟ್ಟು ಮಡಿಸಿದರು. ಅದು ಆಗ ನಮ್ಮ ಕಣ್ಣಿಗೂ ವಿಶೇಷವಾಗಿ ಬೀಳಲಿಲ್ಲ.

ನಾವು ಹೊರಡುವ ಹೊತ್ತಿಗೆ ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ತಡೆದಳು. “ನೀನು ನಾಲ್ಕು ಪುಸ್ತಕ ಓದಿದವನು. ನಿಜ ಹೇಳು. ನಲವತ್ತು ವರ್ಷ ನಾನೇ ಮಾಡಿ ಬಡಿಸಿದ್ದು. ನನ್ನ ಕೈಯ ಅಡಿಗೆಯಿಂದಲೇ ಬಂತೇನೋ ಇದು?” ಎಂದು ಕೇಳಿದಳು. “ಛೆ, ಅದೇನು ಮಾತು” ಎಂದಷ್ಟೇ ಹೇಳಿ ಬಂದೆವು. ಉತ್ತರವಲ್ಲದ ಆ ಉತ್ತರವು ನಮ್ಮನ್ನು ಬಹುದಿನ ಕಾಡಿತು. ಅಂದಿನಿಂದ ನಾವು ಓದಿದುದನ್ನೂ ಪರಿಚಿತ ವೈದ್ಯರಿಂದ ಕೇಳಿ ತಿಳಿದುದನ್ನೂ ವಾಚಕರ ಮುಂದಿಡುತ್ತಿರುವೆವು. ಎಷ್ಟೋ ಮನೆಗಳಲ್ಲಿ ಇಂಥದೇ ಪ್ರಶ್ನೆಯು ಬಾಯಿಗೆ ಬಾರದೆ ಉಳಿದಿರಬಹುದಲ್ಲವೆ?

ಭಾವನವರಿಗೆ ಬಂದಿದ್ದುದು ಮೇದೋಜೀರಕ ಗ್ರಂಥಿಯ ಕ್ಯಾನ್ಸರು. ಈ ಗ್ರಂಥಿಯು ಜಠರದ ಹಿಂದೆ ಅಡ್ಡಲಾಗಿ ಮಲಗಿರುವ, ಸುಮಾರು ೧೫ ಸೆಂಟಿಮೀಟರ್ ಉದ್ದದ ಒಂದು ಅವಯವ. ಉಂಡ ಅನ್ನವನ್ನು ಅರಗಿಸುವ ರಸವನ್ನು ಕರುಳಿಗೆ ಕಳುಹಿಸುವುದೂ, ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ನನ್ನು ರಕ್ತಕ್ಕೆ ಬಿಡುವುದೂ ಇದರ ಕೆಲಸ. ಹಿತ್ತಿಲ ಕೋಣೆಯಲ್ಲಿ ಕುಳಿತು ಸದ್ದಿಲ್ಲದೆ ದುಡಿಯುವ ಮನೆಯ ಹಿರಿಯಳಂತೆ ಇದೂ ಕಾಯಿಲೆ ಬಿದ್ದರೆ ಬೇಗನೆ ಬಾಯಿಬಿಡುವುದಿಲ್ಲ. ೨೦೨೨ರಲ್ಲಿ ಪ್ರಪಂಚದಲ್ಲೆಲ್ಲ ಈ ರೋಗವು ಹೊಸದಾಗಿ ಪತ್ತೆಯಾದವರು ಸುಮಾರು ೫,೧೦,೦೦೦ ಮಂದಿ. ಅದೇ ವರ್ಷ ಇದರಿಂದ ಮಡಿದವರು ಸುಮಾರು ೪,೬೭,೦೦೦. ಈ ಎರಡು ಅಂಕಿಗಳು ಒಂದಕ್ಕೊಂದು ಇಷ್ಟು ಸಮೀಪದಲ್ಲಿರುವುದೇ ರೋಗದ ಕ್ರೌರ್ಯವನ್ನು ಹೇಳುತ್ತದೆ.

ಭಾವನವರ ವಿಷಯದಲ್ಲಿ ಮಾತ್ರ ಅದು ಒಂದು ಸಾರಿ ಬಾಯಿಬಿಟ್ಟಿತ್ತೆಂದು ಈಗ ತೋರುತ್ತದೆ. ಅರವತ್ತೊಂದನೆಯ ವಯಸ್ಸಿನಲ್ಲಿ, ವಂಶದಲ್ಲಿ ಯಾರಿಗೂ ಇಲ್ಲದ ಸಕ್ಕರೆಯ ಕಾಯಿಲೆ ಅವರಿಗೆ ಕಾಣಿಸಿಕೊಂಡಿತು. ಅದರೊಡನೆ ಮೈಯೂ ಇಳಿಯಿತು. ಪಥ್ಯ ಮಾಡುತ್ತಿರುವರು, ಬೊಜ್ಜು ಕರಗಿತು ಎಂದು ನಾವೆಲ್ಲ ಮೆಚ್ಚಿದೆವು. ಸಡಿಲವಾದ ಪಂಚೆಯನ್ನು ತೋರಿಸಿ ಅವರೂ ನಕ್ಕರು. ಒಂದು ವರ್ಷ ಹೀಗೆಯೇ ಕಳೆದ ಮೇಲೆ ಕಣ್ಣು ಹಳದಿಯಾಗಿ, ಮೈಯೆಲ್ಲ ತುರಿಕೆಯೆದ್ದಿತು. ಆಗ ತೆಗೆದ ಚಿತ್ರದಲ್ಲಿ ಗಂಟು ರಕ್ತನಾಳಗಳನ್ನು ಸುತ್ತಿಕೊಂಡಿದ್ದಿತು. ಶಸ್ತ್ರಕ್ರಿಯೆಗೆ ಕಾಲ ಮೀರಿದ್ದಿತು. ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆಯ ಕಾಯಿಲೆ ಬಂದ ಸುಮಾರು ನೂರು ಜನರಲ್ಲಿ ಒಬ್ಬರಿಗೆ ಮೂರು ವರ್ಷಗಳೊಳಗಾಗಿ ಈ ಕ್ಯಾನ್ಸರು ಪತ್ತೆಯಾಗುವುದೆಂದು ವೈದ್ಯರು ಲೆಕ್ಕಹಾಕಿರುವರು. ಉಳಿದ ತೊಂಬತ್ತೊಂಬತ್ತು ಮಂದಿ ಹೆದರಬೇಕಾದುದಿಲ್ಲ. ಆದರೆ ಸಕ್ಕರೆಯೂ ಹೊಸದು, ತೂಕವೂ ತಾನಾಗಿಯೇ ಇಳಿಯುತ್ತಿದೆಯೆಂದರೆ, ಮೆಚ್ಚಿ ಸುಮ್ಮನಿರದೆ ವೈದ್ಯರಿಗೆ ಎರಡನ್ನೂ ಒಟ್ಟಿಗೆ ಹೇಳಬೇಕು. ನಾವು ಹೇಳಲಿಲ್ಲ.

ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಂಡು ಮೊದಲೇ ಕಂಡುಹಿಡಿಯಬಾರದೇ ಎಂದು ಕೇಳಬಹುದು. ರೋಗಲಕ್ಷಣವೇ ಇಲ್ಲದ ಸಾಮಾನ್ಯರಿಗೆ ಅಂಥ ಪರೀಕ್ಷೆ ಕೂಡದೆಂದು ಅಮೆರಿಕದ ತಜ್ಞಮಂಡಲಿಯೊಂದು ೨೦೧೯ರಲ್ಲಿಯೂ ಮತ್ತೆ ಹೇಳಿದೆ. ಅದರಿಂದ ಲಾಭಕ್ಕಿಂತ ಕಷ್ಟವೇ ಹೆಚ್ಚಂತೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಇಬ್ಬರು ಮೂವರಿಗೆ ಈ ರೋಗ ಬಂದಿರುವ ಮನೆಯವರ ಮಾತು ಬೇರೆ. ಅವರು ವೈದ್ಯರನ್ನು ವಿಚಾರಿಸತಕ್ಕದ್ದು. ಉಳಿದವರ ಕೈಯಲ್ಲಿರುವುದು ದಿನದಿನದ ನಡವಳಿಕೆ ಮಾತ್ರ.

ಮೊದಲು ಕಾಫಿಯನ್ನು ಬಿಡುಗಡೆಮಾಡಿಬಿಡೋಣ. ಆ ಹಜಾರದ ಮಾತಿಗೆ ಬುಡವೇ ಇಲ್ಲದಿರಲಿಲ್ಲ. ೧೯೮೧ರಲ್ಲಿ ಅಮೆರಿಕದ ಹಾರ್ವರ್ಡಿನ ಬ್ರಿಯಾನ್ ಮ್ಯಾಕ್‌ಮಹೊನ್ ಎಂಬ ವಿದ್ವಾಂಸರೂ ಅವರ ಜೊತೆಯವರೂ, ಕಾಫಿ ಕುಡಿಯುವವರಿಗೆ ಈ ಕ್ಯಾನ್ಸರು ಹೆಚ್ಚೆಂದು ಪ್ರಕಟಿಸಿದರು. ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. ಆದರೆ ಅವರು ರೋಗಿಗಳೊಡನೆ ಹೋಲಿಸಲು ಆರಿಸಿಕೊಂಡವರಲ್ಲಿ ಬಹುಮಂದಿ ಹೊಟ್ಟೆಯ ಬೇರೆ ಬೇರೆ ಬೇನೆಗಳಿಗಾಗಿ ಅದೇ ವೈದ್ಯರ ಬಳಿ ಬಂದವರು. ಹೊಟ್ಟೆನೋವಿನವರು ತಾವಾಗಿಯೇ ಕಾಫಿಯನ್ನು ಕಡಿಮೆಮಾಡಿದ್ದರು. ತಕ್ಕಡಿಯ ಒಂದು ತಟ್ಟೆ ಮೊದಲೇ ಮೇಲೆದ್ದಿದ್ದರೆ ಇನ್ನೊಂದು ಭಾರವೆಂದು ತೋರದೆ ಇರುತ್ತದೆಯೆ? ಕೆಲವೇ ವರ್ಷಗಳಲ್ಲಿ ಅವರದೇ ಗುಂಪಿನ ಮುಂದಿನ ಅಧ್ಯಯನವು ಆ ಮಾತನ್ನು ಎತ್ತಿಹಿಡಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೧೬ರಲ್ಲಿ ಎಲ್ಲವನ್ನೂ ಮತ್ತೊಮ್ಮೆ ತೂಗಿ, ಕಾಫಿಯಿಂದ ಈ ಗ್ರಂಥಿಗೆ ಕ್ಯಾನ್ಸರು ಬರುವುದೆಂಬುದಕ್ಕೆ ಆಧಾರವಿಲ್ಲವೆಂದಿತು. ಮೈಸೂರಿನವರಾದ ನಮಗೆ ಇದನ್ನು ಓದಿದಾಗ ಆದ ಸಂತೋಷವನ್ನು ಮುಚ್ಚಿಡಲಾರೆವು.

ಅಕ್ಕನ ಅಡಿಗೆಯ ಪ್ರಶ್ನೆಗೂ ಉತ್ತರ ಸುಮಾರಾಗಿ ಹೀಗೆಯೇ. ಇಂಥ ಪಲ್ಯ, ಇಂಥ ಸಾರು ಈ ರೋಗವನ್ನು ತಂದಿತೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ತಿಂದ ಪದಾರ್ಥಕ್ಕಿಂತ ಸೊಂಟದ ಸುತ್ತ ಕೂಡಿದ ಬೊಜ್ಜೇ ಮುಖ್ಯವಾದುದು. ತೀರ ಸ್ಥೂಲಕಾಯರಿಗೆ ಅಪಾಯವು ಉಳಿದವರಿಗಿಂತ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು. ಬಹುಕಾಲದ ಸಕ್ಕರೆಯ ಕಾಯಿಲೆಯೂ ಅಪಾಯವನ್ನು ಹೆಚ್ಚಿಸುವುದು. ಅತಿಯಾದ ಮದ್ಯಪಾನವು ಗ್ರಂಥಿಯನ್ನು ವರ್ಷಗಟ್ಟಲೆ ಉರಿಸಿ ಉರಿಸಿ ಹಾಳುಮಾಡುತ್ತದೆ. ಹಾಗೆ ಸುಟ್ಟ ನೆಲದಲ್ಲಿ ಕ್ಯಾನ್ಸರು ಬೇರೂರುವುದು ಸುಲಭ. ನಮ್ಮ ದಕ್ಷಿಣದೇಶದಲ್ಲಿ, ವಿಶೇಷವಾಗಿ ಕೇರಳದಲ್ಲಿ, ಮದ್ಯವನ್ನು ಮುಟ್ಟದ ಎಳೆಯರಿಗೂ ಈ ಗ್ರಂಥಿಯಲ್ಲಿ ಕಲ್ಲುಗಟ್ಟುವ ಬೇನೆಯೊಂದುಂಟು, ಅಂಥವರೂ ಎಚ್ಚರವಾಗಿರಬೇಕಾದವರೇ. ಅಲ್ಲಿ ನಡತೆಯ ದೋಷವನ್ನು ಹುಡುಕುವುದು ಅನ್ಯಾಯ.

ಇನ್ನು ಹೊಗೆಸೊಪ್ಪು. ಮೇಲೆ ಹೇಳಿದ ಅಭ್ಯಾಸಗಳಲ್ಲೆಲ್ಲ ಅತಿ ದೃಢವಾಗಿ ಸಿದ್ಧವಾಗಿರುವ ಅಪರಾಧಿ ಇದೇ. ಸಿಗರೇಟು ಸೇದುವವರಿಗೆ ಈ ರೋಗದ ಅಪಾಯವು ಸೇದದವರಿಗಿಂತ ಸುಮಾರು ಎರಡರಷ್ಟು. ಹೊಗೆ ಹೋಗುವುದು ಶ್ವಾಸಕೋಶಕ್ಕಲ್ಲವೆ, ಹೊಟ್ಟೆಯ ಗ್ರಂಥಿಗೇನು ಸಂಬಂಧವೆಂದು ನಾವು ಬಹುಕಾಲ ತಿಳಿದಿದ್ದೆವು. ಅದರ ವಿಷಗಳು ರಕ್ತದಲ್ಲಿ ಬೆರೆತ ಮೇಲೆ ಮೈಯಲ್ಲಿ ಅವು ಮುಟ್ಟದ ಮೂಲೆಯೇ ಇಲ್ಲ. ಬಿಟ್ಟವರಿಗೆ ಅಪಾಯವು ವರ್ಷೇ ವರ್ಷೇ ಇಳಿದು, ಹತ್ತು ಇಪ್ಪತ್ತು ವರ್ಷಗಳಲ್ಲಿ ಸೇದದವರ ಸಮೀಪಕ್ಕೆ ಬರುವುದೆಂಬುದೊಂದು ಸಮಾಧಾನ. ನಾವು ಇಪ್ಪತ್ತೆರಡು ವರ್ಷ ಸಿಗರೇಟು ಸೇದಿ ೨೦೧೧ರಲ್ಲಿ ಬಿಟ್ಟವರು. ಬಿಡುವಂತೆ ಗದರಿಸಿದವರು ಇದೇ ಭಾವನವರು, ಎಲೆಯಡಿಕೆಯನ್ನು ಅಗಿಯುತ್ತ.

ಆ ಮಾತು ನೆನಪಾದಾಗಲೇ ಬೆಳ್ಳಿಯ ಡಬ್ಬಿ ನಮ್ಮ ಕಣ್ಣಮುಂದೆ ಬಂದಿತು. ಹೊಗೆಯಿಲ್ಲದ ಹೊಗೆಸೊಪ್ಪನ್ನು ನಮ್ಮ ಮನೆಗಳಲ್ಲಿ ಚಟವೆಂದು ಎಣಿಸುವುದೇ ಇಲ್ಲ. ಅದು ಊಟದ ಕೊನೆಯ ಭಾಗ, ಅತಿಥಿಗೆ ಮಾಡುವ ಮರ್ಯಾದೆ. ೨೦೧೬-೧೭ರಲ್ಲಿ ನಡೆದ ಗಣನೆಯಂತೆ ಭಾರತದ ವಯಸ್ಕರಲ್ಲಿ ಸೇದುವವರು ನೂರಕ್ಕೆ ೧೦.೭, ಅಗಿಯುವುದು, ನಶ್ಯ ಮುಂತಾದ ರೀತಿಗಳಲ್ಲಿ ಬಳಸುವವರು ೨೧.೪. ಈ ಬಗೆಯ ಹೊಗೆಸೊಪ್ಪು ಬಾಯಿಗೆ ಮಾತ್ರವಲ್ಲದೆ ಮೇದೋಜೀರಕ ಗ್ರಂಥಿಗೂ ಕ್ಯಾನ್ಸರನ್ನು ತರುವುದೆಂದು, ಕಾಫಿಯನ್ನು ಬಿಡುಗಡೆಮಾಡಿದ ಅದೇ ಸಂಸ್ಥೆಯು ೨೦೦೭ರಲ್ಲಿ ಅಚ್ಚುಮಾಡಿಸಿದ ಗ್ರಂಥದಲ್ಲಿ ತೀರ್ಮಾನಿಸಿದೆ. ಸೇದುವುದರ ವಿಷಯದಲ್ಲಿರುವಷ್ಟು ಒಮ್ಮತದ ಅಂಕಿಗಳು ಇದಕ್ಕಿಲ್ಲವೆಂಬುದನ್ನೂ ಹೇಳಬೇಕು.

ಹಾಗಾದರೆ ಭಾವನವರನ್ನು ಕೊಂದುದು ಆ ಡಬ್ಬಿಯೆ? ಹಾಗೆಂದು ಹೇಳಲು ನಮಗೆ ಹಕ್ಕಿಲ್ಲ. ಅಗಿಯುವವರಲ್ಲಿ ಬಹುಪಾಲು ಮಂದಿಗೆ ಈ ರೋಗ ಬರುವುದೇ ಇಲ್ಲ. ಯಾವುದನ್ನೂ ಮುಟ್ಟದವರಿಗೂ ಬರುವುದುಂಟು. ಗದ್ದೆಯ ಬದುವಿನ ಮೇಲೆ ರಾತ್ರಿ ದೀಪವಿಲ್ಲದೆ ನಡೆದವರನ್ನೆಲ್ಲ ಹಾವು ಕಚ್ಚುವುದಿಲ್ಲ. ದೀಪ ಹಿಡಿದವರನ್ನು ಕಚ್ಚುವುದೇ ಇಲ್ಲವೆಂದೂ ಇಲ್ಲ. ಆದರೂ ದೀಪವನ್ನು ಮನೆಯಲ್ಲಿಟ್ಟು ಹೋಗೆಂದು ಯಾವ ತಾಯಿಯೂ ಹೇಳಳು.

ಇಷ್ಟನ್ನು ತಿಳಿದ ಮೇಲೆಯೂ ಅಕ್ಕನಿಗೆ ಹೇಳಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಪ್ರತಿದಿನ ಊಟವಾದ ಮೇಲೆ ಎಲೆಯ ನಾರು ತೆಗೆದು, ಮಡಿಸಿ, ಭಾವನವರ ಕೈಗೆ ಕೊಡುತ್ತಿದ್ದವಳು ಅವಳೇ. ಅಡಿಗೆಯ ದೋಷವಲ್ಲವೆಂದು ಹೇಳಿ ಡಬ್ಬಿಯನ್ನು ತೋರಿಸಿದರೆ ಒಂದು ಮುಳ್ಳನ್ನು ಕಿತ್ತು ಇನ್ನೊಂದನ್ನು ಚುಚ್ಚಿದಂತಾಗದೆ? ಸುಮ್ಮನಿದ್ದುಬಿಡೋಣವೆಂದರೆ, ಅವಳೂ ಅದೇ ಡಬ್ಬಿಯಿಂದ ದಿನಕ್ಕೆ ಮೂರು ಬಾರಿ ಹಾಕಿಕೊಳ್ಳುವವಳು. ಕೊನೆಗೆ ಸಂಕ್ರಾಂತಿಯ ಮಾರನೆಯ ದಿನ, ಕಾಫಿಯ ಮಾತಿನಿಂದ ಮೊದಲುಮಾಡಿ, ಹಾವು ದೀಪಗಳ ಮಾತನ್ನೂ ಸೇರಿಸಿ, ಎಲ್ಲವನ್ನೂ ಹೇಳಿದೆವು. ಅವಳು ನಡುವೆ ಮಾತಾಡಲಿಲ್ಲ. ಆಮೇಲೆ, “ಅಂತೂ ಅಡಿಗೆಯಲ್ಲ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಅವರೂ ಬೇಡವೆನ್ನಲಿಲ್ಲ, ನಾನೂ ಬೇಡವೆನ್ನಲಿಲ್ಲ. ನಮಗೆ ಯಾರು ಹೇಳಿದ್ದರು?” ಎಂದಳು.

ಮೊನ್ನೆ ಹೋದಾಗ ಡಬ್ಬಿ ಹಜಾರದಲ್ಲಿ ಇರಲಿಲ್ಲ. ಬಂದವರಿಗೆ ತಟ್ಟೆಯಲ್ಲಿ ಸೋಂಪು, ಕಲ್ಲುಸಕ್ಕರೆ ಇಟ್ಟಿದ್ದಳು. ಹಗಲಿನ ಎರಡು ಬಾರಿಯನ್ನು ಬಿಟ್ಟಿರುವಳಂತೆ. ರಾತ್ರಿಯದು ಇನ್ನೂ ಬಿಟ್ಟಿಲ್ಲವೆಂದು ಸೊಸೆ ಮೆಲ್ಲಗೆ ಹೇಳಿದಳು. ನಾವು ಕೇಳಿಸಿಕೊಂಡೂ ಕೇಳಿಸದವರಂತೆ ಇನ್ನೊಂದು ಲೋಟ ಕಾಫಿ ಬೇಡಿದೆವು.