ಗಂಟುಮೂಟೆ

ಮನುಷ್ಯನು ಮನೆಯಲ್ಲಿ ನೆಲೆಯಾಗಿರುವಷ್ಟು ಕಾಲ ತನ್ನ ಸೊತ್ತು ಎಷ್ಟೆಂಬುದನ್ನು ಅರಿಯನು. ಅಟ್ಟದ ಮೇಲಿನದು ಅಟ್ಟದಲ್ಲಿ, ಮೂಲೆಯದು ಮೂಲೆಯಲ್ಲಿ ತಮ್ಮಷ್ಟಕ್ಕೆ ಇದ್ದುಕೊಂಡಿರುತ್ತವೆ. ಊರು ಬಿಟ್ಟು ಹೊರಡುವ ದಿನ ಸಮೀಪಿಸಿದಾಗ ಮಾತ್ರ ಒಂದೊಂದು ವಸ್ತುವೂ ಎದುರಿಗೆ ಬಂದು, ತನ್ನ ಗತಿಯೇನೆಂದು ಕೇಳತೊಡಗುವುದು.

ಕಟಪಾಡಿಯ ಪಡುವಲಿಗೆ, ಹೊಳೆಗೂ ಕಡಲಿಗೂ ನಡುವೆ ಇರುವ ಮಟ್ಟು ಗ್ರಾಮದ ಒಂದು ಮನೆಯಲ್ಲಿ ಈ ಪ್ರಶ್ನೆ ಹುಟ್ಟಿತು. ಮನೆಯ ಹಿರಿಯಾಕೆಗೆ ವಯಸ್ಸು ಎಪ್ಪತ್ತರ ಹತ್ತಿರ. ಪತಿಯು ತೀರಿಕೊಂಡು ಮೂರು ವರ್ಷವಾಗಿತ್ತು. ಒಬ್ಬನೇ ಮಗನು ದುಬೈಯಲ್ಲಿ ಉದ್ಯೋಗಸ್ಥನು. ಮಳೆಗಾಲದ ರಾತ್ರಿಗಳಲ್ಲಿ ತಾಯಿಯೊಬ್ಬಳೇ ಕಡಲ ಮೊರೆತವನ್ನು ಕೇಳುತ್ತ ಮಲಗುವುದು ಅವನಿಗೆ ಸರಿಬರಲಿಲ್ಲ. ಆಕೆಯು ಮಗನ ಮನೆಗೆ ಹೋಗುವುದೆಂದೂ, ಇಲ್ಲಿಯ ಮನೆಯನ್ನೂ ಹಿತ್ತಿಲನ್ನೂ ಮಾರುವುದೆಂದೂ ನಿಶ್ಚಯವಾಯಿತು.

ಊರು ಬಿಟ್ಟು ಹೋಗುವುದು ಈ ಸೀಮೆಗೆ ಹೊಸತಲ್ಲ. ೧೯೩೮ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದ ಕಡಂದಲೆಯ ಕೃಷ್ಣರಾಯರಂತೆ ಎಷ್ಟೋ ಮಂದಿ ಮದರಾಸಿಗೂ ಮುಂಬಯಿಗೂ ಹೋದರು. ಆದರೆ ಅಂದು ಹೊರಟವನ ಹಿಂದೆ ಮನೆಯಿತ್ತು, ಮನೆಯಲ್ಲಿ ಜನರಿದ್ದರು. ಅವನು ಎರಡು ಪಂಚೆಗಳನ್ನು ಚೀಲಕ್ಕೆ ತುರುಕಿ ಹೊರಟರೆ ಸಾಕಾಗುತ್ತಿತ್ತು. ಉಳಿದುದೆಲ್ಲವೂ ಅವನಿಗಾಗಿ ಕಾದಿರುತ್ತಿತ್ತು. ೨೦೦೬ರಲ್ಲಿ ಮಂಗಳೂರಿನಿಂದ ದುಬೈಗೆ ನೇರವಾಗಿ ವಿಮಾನಸಂಚಾರ ಆರಂಭವಾದಂದಿನಿಂದ ದಾರಿಯೇನೋ ನಾಲ್ಕು ಗಂಟೆಯೊಳಗಿನದಾಯಿತು. ಆದರೆ ಬಾಗಿಲು ಮುಚ್ಚಿ ಹೊರಡುವ ಕಡೆಯವಳಿಗೆ ಹಿಂದೆ ಕಾದಿಡುವವರಾರು?

ಟಿಕೆಟಿನಲ್ಲಿ ಮಿತಿಯು ೩೦ ಕಿಲೋ ಎಂದಿತ್ತು. ಐವತ್ತು ವರ್ಷಗಳ ಸಂಸಾರವನ್ನು ೩೦ ಕಿಲೋಗೆ ಇಳಿಸಬೇಕು! ಆಕೆಯು ಚಾವಡಿಯಲ್ಲಿ ಚಾಪೆ ಹಾಸಿ ಸಾಮಾನುಗಳನ್ನು ಹರವಿದಳು. ಅರೆಯುವ ಕಲ್ಲು, ಹಿತ್ತಾಳೆಯ ಹಂಡೆ, ಶ್ಯಾವಿಗೆಯ ಒರಳು ಇವು ಹರವುವುದಕ್ಕೂ ಮೊದಲೇ ತಾವಾಗಿ ಪಂಕ್ತಿಯಿಂದ ಹೊರಗಾದುವು. ಮೆಟ್ಟುಕತ್ತಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ನಿಂತು ತರಕಾರಿ ಹೆಚ್ಚುವ ಅಡುಗೆಮನೆಯಲ್ಲಿ ನೆಲದ ಮೇಲೆ ಕೂರುವ ಕತ್ತಿಗೆ ಕೆಲಸವೆಲ್ಲಿಯದು? ಗಸಗಸೆಯ ಡಬ್ಬಿಯನ್ನು ಮಗನೇ ಬೇಡವೆಂದನು. ಅದು ಆ ದೇಶದಲ್ಲಿ ನಿಷಿದ್ಧವಾದ ಪದಾರ್ಥ, ಪಾಯಸಕ್ಕೆಂದರೂ ಕೇಳುವವರಿಲ್ಲ. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚೆಂದು ಅದಕ್ಕೂ ವಿಮಾನದಲ್ಲಿ ಅಡ್ಡಿಯುಂಟು.

"ಅಮ್ಮಾ, ಇಲ್ಲಿ ಎಲ್ಲವೂ ಸಿಗುತ್ತದೆ, ನೀವು ಸುಮ್ಮನೆ ಬನ್ನಿ" ಎಂದು ಮಗನು ಪ್ರತಿದಿನ ಫೋನಿನಲ್ಲಿ ಹೇಳುತ್ತಿದ್ದನು. ಆ ಮಾತು ದಿಟವೇ. ಕುಚ್ಚಲಕ್ಕಿಯಿಂದ ಕರಿಬೇವಿನವರೆಗೆ ಅಲ್ಲಿಯ ಅಂಗಡಿಗಳಲ್ಲಿ ದೊರೆಯುವುದು. ಹಾಗಾದರೆ ಅಂಗಡಿಯಲ್ಲಿ ಸಿಗದುದನ್ನು ಮಾತ್ರ ಒಯ್ಯುವುದೆಂದು ಆಕೆಯು ನಿರ್ಧರಿಸಿದಳು. ಹೀಗೆ ಆರಿಸಿದಾಗ ಪಟ್ಟಿಯು ಅಚ್ಚರಿಪಡುವಷ್ಟು ಗಿಡ್ಡವಾಯಿತು: ಪತಿಯ ಕನ್ನಡಕ, ಅತ್ತೆಯ ಕಾಲದ ಒಂದು ಸೌಟು, ಮದುವೆಯ ಸೀರೆ, ದೇವರ ಕೋಣೆಯ ಸಣ್ಣ ದೀಪ. ಬಟ್ಟೆಬರೆಗಳನ್ನೂ ಸೇರಿಸಿ ತೂಗಿದರೆ ೨೨ ಕಿಲೋ ಮಾತ್ರ!

ಉಳಿದುದರ ಗತಿ? ಗುಜರಿಯವನು ಹಂಡೆಯನ್ನು ತೂಕಕ್ಕೆ ಕೇಳಿದನು. ಈ ಜಿಲ್ಲೆಯಲ್ಲಿ ಹಳೆಯ ಮನೆಗಳನ್ನು ಕೆಡವುತ್ತ ಬಂದಂತೆ ಕೆತ್ತನೆಯ ಕಂಬಗಳೂ ಬಾಗಿಲುವಾಡಗಳೂ ಇದೇ ದಾರಿ ಹಿಡಿಯುತ್ತಿದ್ದುವು. ಬ್ಯಾಂಕಿನ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು ಅದನ್ನು ಕಂಡು ಮರುಗಿ, ಅಂತಹ ಮನೆಗಳನ್ನೂ ಮನೆವಾರ್ತೆಯ ಸಾಮಾನುಗಳನ್ನೂ ಉಳಿಸಿ ತಂದು ಮಣಿಪಾಲದಲ್ಲಿ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಕಟ್ಟಿದರು. ೨೦೧೭ರಲ್ಲಿ ಅವರು ತೀರಿಕೊಂಡರೂ ಅವರು ಉಳಿಸಿದ ಕಂಬಗಳು ನಿಂತಿವೆ. ಮರಕ್ಕೂ ಲೋಹಕ್ಕೂ ಹೀಗೆ ಒಬ್ಬ ಕಾವಲುಗಾರನು ದೊರೆತರೆ ಬದುಕುಂಟು. ಆಕೆಯ ಹಂಡೆಯು ಗುಜರಿಗೆ ಹೋಗದೆ, ಮದುವೆಗೆ ಹೆಣ್ಣುಮಕ್ಕಳಿರುವ ನೆರೆಮನೆಗೆ ಹೋಯಿತು.

ಆದರೆ ಕಡೆಯದಾಗಿ ಅಟ್ಟದಿಂದ ಇಳಿದ ಪೊಟ್ಟಣಕ್ಕೆ ಅಂತಹ ಕಾವಲು ಸಾಲದು. ಅದರಲ್ಲಿದ್ದುದು ಬೂದಿ ಬೆರೆಸಿ ಒಣಗಿಸಿಟ್ಟ ಗುಳ್ಳದ ಬೀಜ. ದುಂಡಗೆ, ಎಳೆಹಸುರು ಮೈಯಲ್ಲಿ ಬಿಳಿಯ ಗೆರೆಗಳಿರುವ ಮಟ್ಟುಗುಳ್ಳದ ಹೆಸರು ಈ ಸೀಮೆಯಲ್ಲಿ ಯಾರಿಗೆ ತಿಳಿಯದು? ಸೋದೆ ಮಠದ ವಾದಿರಾಜರು ಊರವರಿಗೆ ಈ ಬೀಜವನ್ನು ಅನುಗ್ರಹಿಸಿದರೆಂಬುದು ಪರಂಪರೆಯ ನಂಬಿಕೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ನೋಂದಣಿಯೂ ದೊರೆತಿದೆ. ಆಕೆಗೆ ಮಾತ್ರ ಅದು ಅತ್ತೆಯು ಕೊಟ್ಟ ಬೀಜ. ವರ್ಷವರ್ಷವೂ ಒಳ್ಳೆಯ ಗಿಡದ ಒಂದೆರಡು ಕಾಯಿಗಳನ್ನು ಕೊಯ್ಯದೆ ಹಣ್ಣಾಗಲು ಬಿಟ್ಟು, ಬೀಜ ತೆಗೆದು ಕಾದಿರಿಸಿದವಳು ಅವಳು.

ಒಯ್ಯೋಣವೆಂದರೆ, ಬೀಜಕ್ಕೆ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಅದು ದೊರೆತರೂ ಎಂಟನೆಯ ಮಾಳಿಗೆಯ ಮೊಗಸಾಲೆಯಲ್ಲಿ ಹೊಳೆಯ ಬದಿಯ ಮಣ್ಣು ಎಲ್ಲಿಂದ ಬರಬೇಕು? ಬಿಟ್ಟುಹೋಗೋಣವೆಂದರೆ, ಬೀಜವು ಹಂಡೆಯಲ್ಲ. ಮೂಲೆಯಲ್ಲಿಟ್ಟರೆ ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದು. ಅದನ್ನು ಉಳಿಸುವ ಉಪಾಯ ಒಂದೇ: ಯಾರಾದರೂ ಬಿತ್ತುತ್ತಿರಬೇಕು.

ಮೂರು ದಿನ ಆ ಪೊಟ್ಟಣವು ಪೆಟ್ಟಿಗೆಯ ಒಳಗೂ ಹೊರಗೂ ಓಡಾಡಿತು. ನಾಲ್ಕನೆಯ ದಿನ ಆಕೆಯು ಅದನ್ನು ಸೆರಗಿನಲ್ಲಿ ಹಿಡಿದು ಗದ್ದೆಯ ಬದುವಿನಲ್ಲಿ ನಡೆದು, ಆ ಕಡೆಯ ಮನೆಯ ಅಂಗಳದಲ್ಲಿ ನಿಂತಳು. ಆ ಮನೆಯವಳೊಡನೆ ನೀರಿನ ತೋಡಿನ ವಿಷಯವಾಗಿ ಒಮ್ಮೆ ಮಾತು ಬೆಳೆದು, ಎರಡು ವರ್ಷ ಹೋಗಿಬರುವುದು ಕಡಮೆಯಾಗಿತ್ತು. ಆದರೆ ಮಟ್ಟುವಿನಲ್ಲಿ ಅವಳಷ್ಟು ಅಚ್ಚುಕಟ್ಟಾಗಿ ಗುಳ್ಳದ ಸಾಲು ಮಾಡುವವರು ವಿರಳ.

"ಇದನ್ನು ಈ ವರ್ಷ ನಿನ್ನ ಸಾಲಿನಲ್ಲಿ ಹಾಕು. ಬೇರೆ ಬದನೆಯ ಹತ್ತಿರ ಮಾತ್ರ ಬೇಡ" ಎಂದಳು.

ಅವಳು ಪೊಟ್ಟಣವನ್ನು ಬಿಚ್ಚಿ ನೋಡಿ, ಮಾತಿಲ್ಲದೆ ಒಳಗೆ ಕೊಂಡುಹೋಗಿ ಇಟ್ಟು ಬಂದಳು. ಬಳಿಕ, "ಅಕ್ಕಾ, ನಿಮ್ಮ ಪೆಟ್ಟಿಗೆಯಲ್ಲಿ ಸ್ವಲ್ಪ ಜಾಗ ಉಂಟೋ? ನನ್ನ ಹುಡುಗನೂ ಅಲ್ಲಿಯೇ ಇರುವುದಲ್ಲವೋ" ಎಂದು ಸಂಕೋಚದಿಂದ ಕೇಳಿದಳು.

ಸುದ್ದಿಯು ಬಲುಬೇಗ ಹರಡಿತು. ಹೊರಡುವ ಮುನ್ನಾದಿನ ಸಂಜೆಯವರೆಗೂ ಚಾವಡಿಗೆ ಹಲಸಿನ ಹಪ್ಪಳದ ಕಟ್ಟುಗಳೂ, ಮಾವಿನಮಿಡಿಯ ಉಪ್ಪಿನಕಾಯಿಯೂ, ಹುಳಿಪುಡಿಯ ಪೊಟ್ಟಣಗಳೂ ಬರುತ್ತಲೇ ಇದ್ದುವು. ಒಂದೊಂದರ ಮೇಲೂ ಒಬ್ಬೊಬ್ಬ ಮಗನ ಹೆಸರು. ರಾತ್ರಿ ಪೆಟ್ಟಿಗೆಯನ್ನು ಕೊಕ್ಕೆಗೆ ತಗುಲಿಸಿ ತೂಗಿದರು. ಮುಳ್ಳು ೩೧ರ ಹತ್ತಿರ ಹೋಗಿ ನಿಂತಿತು. ಆಕೆಯು ಪೆಟ್ಟಿಗೆಯನ್ನು ತೆರೆದು, ಒಂದು ಕ್ಷಣ ಯೋಚಿಸಿ, ತನ್ನ ಎರಡು ಸೀರೆಗಳನ್ನು ಹೊರತೆಗೆದಳು.