ಒಳದಾರಿ

ನನ್ನ ತಂಗಿಯ ಮಗಳು ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದಲ್ಲಿ ಓದುತ್ತಾಳೆ. ಹೋದ ವರ್ಷ ಬೇಸಿಗೆಯ ರಜೆಯಲ್ಲಿ ಗೆಳತಿಯರ ಜೊತೆ ಸೈಕಲ್ ಮೇಲೆ ಮೂರು ದಿನ ಹಳ್ಳಿಗಾಡು ಸುತ್ತಿ ಬಂದು ನನಗೊಂದು ಫೋಟೋ ಕಳಿಸಿದಳು. ಎರಡೂ ಬದಿಗೆ ಗಿಡಗಳ ನೆರಳು, ಅದರಾಚೆ ದ್ರಾಕ್ಷಿಯ ತೋಟ, ಹುಲ್ಲಿನಲ್ಲಿ ಮಲಗಿದ ಬಿಳಿಯ ಆಕಳುಗಳು, ನಡುವೆ ಆಗತಾನೆ ಕಸ ಗುಡಿಸಿದಂಥ ಸಣ್ಣ ರಸ್ತೆ. ರಸ್ತೆಯ ಮೇಲೆ ಒಂದು ನರಪಿಳ್ಳೆ ಇಲ್ಲ.

"ದೊಡ್ಡವ್ವಾ, ಇಲ್ಲಿ ಮೋಟಾರು ಬರಂಗಿಲ್ಲ. ಬರೇ ಸೈಕಲ್ಲು, ಇಲ್ಲಾ ಕಾಲ್ನಡಿಗೆ. ಹಾರ್ನಿನ ಸಪ್ಪಳ ಕೇಳಿ ಮೂರು ದಿನಾ ಆತು" ಎಂದು ಫೋನಿನಲ್ಲಿ ಹಿಗ್ಗಿನಿಂದ ಹೇಳಿದಳು.

ಆ ರಸ್ತೆಯ ಕತೆಯನ್ನೂ ಅವಳೇ ಹೇಳಿದಳು. ಮೊದಲು ಅಲ್ಲಿ ರೈಲು ಓಡುತ್ತಿತ್ತಂತೆ. ರೈಲು ನಿಂತ ಮೇಲೆ ಹಳಿ ಕಿತ್ತು, ನೆಲ ಹಸನು ಮಾಡಿ, 1997ರಲ್ಲಿ ಬರ್ಗಂಡಿ ಪ್ರಾಂತದ ಜೀವ್ರಿ ಮತ್ತು ಕ್ಲೂನಿ ಎಂಬ ಊರುಗಳ ನಡುವೆ ಸೈಕಲ್ಲಿನವರಿಗೂ ನಡೆಯುವವರಿಗೂ ಮೀಸಲಾದ ದಾರಿ ಮಾಡಿದರು. ಆ ದೇಶದಲ್ಲಿ ಅಂಥದು ಅದೇ ಮೊದಲನೆಯದು. ಅವರ ಭಾಷೆಯಲ್ಲಿ ಅದನ್ನು 'ಹಸಿರು ದಾರಿ' ಎನ್ನುತ್ತಾರೆ. ರೈಲಿಗೆ ಕಡಿದಾದ ಏರು ಹತ್ತಲಾಗದು. ಹಾಗಾಗಿ ಹಳಿ ಹಾಕಿದವರು ಏರಿಳಿತ ತಪ್ಪಿಸಿಯೇ ಹಾಕಿದ್ದರು. ಅದರ ಲಾಭ ಈಗ ಸಣ್ಣ ಮಕ್ಕಳಿಗೆ, ಮೊಣಕಾಲು ನೋವಿನ ಮುದುಕರಿಗೆ.

"ಅಂಥಾ ರಸ್ತೆ ನಮ್ಮಲ್ಲೂ ಐತಿ. ನಾ ದಿನಾ ಅದರ ಮ್ಯಾಲೆ ಸೈಕಲ್ ಹೊಡಕೋತ ಸಾಲಿಗೆ ಹೋಗ್ತೀನಿ" ಎಂದೆ.

ಅವಳು ಮೊದಲು ನಕ್ಕಳು. ಆಮೇಲೆ ದನಿ ಇಳಿಸಿ ಕೇಳಿದಳು: "ಒಬ್ಬಾಕಿನ ಹೋಗ್ತೀ? ಅಂಜಿಕಿ ಬರೂದಿಲ್ಲ?"

ಅಲ್ಲಿಯ ಖಾಲಿ ರಸ್ತೆಯಲ್ಲಿ ಮೂರು ದಿನ ನಿಶ್ಚಿಂತೆಯಿಂದ ತಿರುಗಿದ ಹುಡುಗಿಗೆ ಬೈಲಹೊಂಗಲದ ಖಾಲಿ ರಸ್ತೆ ಎಂದೊಡನೆ ಈ ಪ್ರಶ್ನೆ ಹೊಳೆಯಿತು. ಅವಳ ತಪ್ಪಲ್ಲ. ಅವಳೂ ಇಲ್ಲಿಯೇ ಬೆಳೆದವಳು. ಫೋನಿನಲ್ಲಿ ಏನೋ ಹೇಳಿ ತೇಲಿಸಿದೆ. ಸರಿಯಾದ ಉತ್ತರ ಸ್ವಲ್ಪ ಉದ್ದದ್ದು.

ನಾನು ಕಲಿಸುವ ಹೈಸ್ಕೂಲು ಬೈಲಹೊಂಗಲದಿಂದ ಆರು ಕಿಲೋಮೀಟರು ದೂರದ ಹಳ್ಳಿಯಲ್ಲಿದೆ. ಹೋಗಲು ಎರಡು ದಾರಿ. ಒಂದು ಬಸ್ಸಿನ ರಸ್ತೆ. ದೀಪಾವಳಿ ದಾಟಿತೆಂದರೆ ಅದರ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳದೇ ರಾಜ್ಯ. ಎರಡೆರಡು ಟ್ರೇಲರು ಕಟ್ಟಿಕೊಂಡು, ಕಿವಿ ಹರಿಯುವಂತೆ ಹಾಡು ಹಾಕಿಕೊಂಡು ಅವು ಬರುವಾಗ ಎಮ್ಮೆ ಕೂಡ ಬದಿಗೆ ಸರಿದು ನಿಲ್ಲುತ್ತದೆ. ಇನ್ನೊಂದು ಹೊಲಗಳ ನಡುವಿನ ಒಳದಾರಿ. ಹಿಂದೆ ಬರೀ ಗಾಡಿದಾರಿ. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲು ಒಂದೊಂದು ಸೇರು ಭಾರವಾಗುತ್ತಿತ್ತು. 2000ದಲ್ಲಿ ಗ್ರಾಮ ಸಡಕ್ ಯೋಜನೆ ಬಂದ ಮೇಲೆ ಇಂಥ ಎಷ್ಟೋ ದಾರಿಗಳಂತೆ ನಮ್ಮದೂ ಡಾಂಬರು ಕಂಡಿತು. ಎತ್ತಿಗೂ ರೈಲಿನ ಹಾಗೆಯೇ ಏರು ಸೇರದು. ಗಾಡಿ ಹೊಡೆಯುವವರು ದಿಬ್ಬ ಸಿಕ್ಕಲ್ಲಿ ಬಳಸಿಕೊಂಡು ಹೋಗುತ್ತಿದ್ದರು. ಆದ್ದರಿಂದ ನಮ್ಮ ಒಳದಾರಿಯಲ್ಲೂ ದೊಡ್ಡ ಏರಿಲ್ಲ. ಎರಡೂ ಕಡೆ ಜೋಳ, ಕಡಲೆ, ಹತ್ತಿ, ಕುಸುಬೆ. ನಡುವೆ ಹತ್ತಿಪ್ಪತ್ತು ಮನೆಗಳ ಒಂದು ಚಿಕ್ಕ ಹಳ್ಳಿ. ಬಸ್ಸಿಲ್ಲ, ಟ್ರ್ಯಾಕ್ಟರು ಅಪರೂಪ.

ಇಷ್ಟು ಒಳ್ಳೆಯ ದಾರಿ ಇದ್ದರೂ ಹನ್ನೊಂದು ವರ್ಷ ನಾನು ಬಸ್ಸಿನಲ್ಲಿಯೇ ಹೋದೆ. ಸೈಕಲ್ ನೆನಪಾಗುತ್ತಲೇ ಇರಲಿಲ್ಲ ಎಂದರೆ ಸುಳ್ಳಾದೀತು. ನನ್ನ ತವರು ರಾಮದುರ್ಗ. ಅಲ್ಲಿ ನಮ್ಮಣ್ಣ ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತರುತ್ತಿದ್ದ. ಅವನು ಹೊಡೆದು ದಣಿದ ಮೇಲೆ ಉಳಿದ ಹತ್ತು ನಿಮಿಷ ನನ್ನದು. ಗಂಡಸರ ಸೈಕಲ್ಲಿನ ದಂಡಿಗೆಯ ಕೆಳಗಿಂದ ಕಾಲು ತೂರಿಸಿ, ಸೊಟ್ಟ ನಿಂತು ಅರ್ಧ ಪೆಡಲ್ ಹೊಡೆಯುತ್ತ ಮಲಪ್ರಭೆಯ ದಂಡೆಯವರೆಗೆ ಹೋಗಿ ಬರುತ್ತಿದ್ದೆ. ಹನ್ನೆರಡು ದಾಟಿತು. ಒಂದು ದಿನ ಅಜ್ಜಿ, "ದೊಡ್ಡಾಕಿ ಆದಿ, ಇನ್ನ ಸೈಕಲ್ಲ ಸಾಕು" ಎಂದಳು. ಬೈಯಲಿಲ್ಲ, ಹೊಡೆಯಲಿಲ್ಲ. ಲಂಗ ಮಡಚಿ ಟ್ರಂಕಿನಲ್ಲಿ ಇಟ್ಟಷ್ಟು ಸಹಜವಾಗಿ ಅದು ಮುಗಿದುಹೋಯಿತು.

ಬಿ.ಎಡ್. ಮುಗಿಸುವ ಹೊತ್ತಿಗೆ ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯ ಸುದ್ದಿ ಓದಿದೆ. 1991-92ರ ಸಾಕ್ಷರತಾ ಆಂದೋಲನದಲ್ಲಿ ಅಲ್ಲಿಯ ಹೆಂಗಸರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿತಿದ್ದರು. ಕಲ್ಲು ಒಡೆಯುವವರು, ಕೂಲಿಯವರು, ಅಂಗನವಾಡಿಯವರು, ಶಿಕ್ಷಕಿಯರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದಿದ್ದರು. ಓದಿ ಸಂತೋಷಪಟ್ಟು ಪತ್ರಿಕೆ ಮಡಚಿಟ್ಟೆ. ಅದು ಅವರ ಊರಿನ ಮಾತು ಎಂದುಕೊಂಡೆ. ಆಮೇಲೆ 2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಹುಡುಗಿಯರು ಸಾಲಾಗಿ ಶಾಲೆಗೆ ಬರುವುದನ್ನು ಬಸ್ಸಿನ ಕಿಟಕಿಯಿಂದ ನೋಡಿ ಮತ್ತೊಮ್ಮೆ ಸಂತೋಷಪಟ್ಟೆ. ನೋಡಿ ಸಂತೋಷಪಡುವುದು ನನಗೆ ರೂಢಿಯಾಗಿತ್ತು.

ಮೂರು ವರ್ಷದ ಹಿಂದೆ, ಆ ನಡುವಿನ ಚಿಕ್ಕ ಹಳ್ಳಿಯಿಂದ ಬರುತ್ತಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಶಾಲೆ ಬಿಟ್ಟಳು. ಗಣಿತದಲ್ಲಿ ಜಾಣೆ. ಅಕ್ಕನಿಗೆ ಹಿಂದೆ ಸಿಕ್ಕಿದ್ದ ಸರ್ಕಾರಿ ಸೈಕಲ್ಲನ್ನು ಹೊಡೆದುಕೊಂಡು ಬರುತ್ತಿದ್ದಳು. ಎಂಟು ದಿನ ಕಾದು ನಾನು ಅವಳ ಮನೆಗೆ ಹೋದೆ. ಸೈಕಲ್ಲು ದನದ ಕೊಟ್ಟಿಗೆಯಲ್ಲಿ ಕಣಿಕೆಯ ಮರೆಗೆ ನಿಂತಿತ್ತು. ತಾಯಿ ಚಹಾ ಕೊಟ್ಟಳು, ಮಾತಾಡಲಿಲ್ಲ. ತಂದೆ ಮಾತಾಡಿದರು.

"ಅಕ್ಕೋರ, ಹ್ವಾದ ವರ್ಷದತನಕ ಆರು ಮಂದಿ ಹುಡುಗ್ಯಾರು ಕೂಡಿ ಹೋಗತಿದ್ರು. ಉಳದಾವರೆಲ್ಲಾ ಎಸ್ಸೆಸ್ಸೆಲ್ಸಿ ಮುಗಿಸಿದ್ರು. ಈಗ ಈಕಿ ಒಬ್ಬಾಕಿ. ಮೊನ್ನೆ ಯಾವನೋ ಮೋಟಾರ್ ಸೈಕಲ್ಲಿನವ ಬೆನ್ನ ಹತ್ತಿ ಬಂದಾನ. ಕೂಗಿದ್ರ ಕೇಳೂದಕ ಯಾರದಾರ?"

"ಆ ರಸ್ತೆ ಚಲೋ ಐತೆಲ್ಲಾ ಅಣ್ಣಾರ, ಗಾಡಿ ಗದ್ದಲಾ ಏನೂ ಇಲ್ಲ" ಎಂದೆ. ನನ್ನ ಮಾತು ನನಗೇ ಪೊಳ್ಳಾಗಿ ಕೇಳಿಸಿತು.

"ಗದ್ದಲಿಲ್ಲಂತನ ನನಗ ಅಂಜಿಕಿ" ಎಂದರು ಅವರು.

ಆ ಮನುಷ್ಯ ಕೆಟ್ಟವರಲ್ಲ. ಹಿರಿಯ ಮಗಳನ್ನು ಓದಿಸಿದವರು. ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ವಾಹನ ಇಲ್ಲದ ರಸ್ತೆ ಎಂದರೆ ಗಂಡಸಿಗೆ ಆರಾಮ. ಹೆಣ್ಣುಮಗಳಿಗೆ ಅದೇ ರಸ್ತೆ ಸಾಕ್ಷಿಯಿಲ್ಲದ ಜಾಗ. ಲಾರಿಗೆ ಅಂಜುವುದೋ, ಲಾರಿ ಇಲ್ಲದ್ದಕ್ಕೆ ಅಂಜುವುದೋ? ಎರಡರ ನಡುವೆ ಆ ಹುಡುಗಿಯ ಓದು ನಿಂತಿತ್ತು.

"ಹಂಗಾದ್ರ ನಾನು ಆಕಿ ಕೂಡ ಬರ್ತೀನಿ" ಎಂದುಬಿಟ್ಟೆ. ಹೇಗೆ ಎಂದು ಅವರು ಕೇಳಿದರು. ಬಾಯಿಂದ ಬಂದೇಬಿಟ್ಟಿತು: "ಸೈಕಲ್ ಮ್ಯಾಲೆ."

ಆಗ ನನಗೆ ಐವತ್ತನಾಲ್ಕು ವರ್ಷ. ಸಕ್ಕರೆ ಕಾಯಿಲೆಯ ಗುಳಿಗೆ ಶುರುವಾಗಿತ್ತು. ಒಮ್ಮೆ ಕಲಿತ ಸೈಕಲ್ಲು ಮರೆಯುವುದಿಲ್ಲ ಎನ್ನುತ್ತಾರಲ್ಲ, ಹಾಗೆಂದವರು ನಲವತ್ತು ವರ್ಷ ಬಿಟ್ಟು ಹತ್ತಿ ನೋಡಿರಲಿಕ್ಕಿಲ್ಲ. ಮನೆಯವರು ಹಿಂದಿನ ಗಾಲಿಗೆ ಸೀರೆ ಸಿಗದಂತೆ ಜಾಳಿಗೆ ಹಾಕಿಸಿದ ಲೇಡೀಸ್ ಸೈಕಲ್ಲೊಂದನ್ನು ತಂದುಕೊಟ್ಟು, "ಕಾಲು ಮುರಕೊಂಡ್ರ ಅಡಿಗಿ ನಾ ಮಾಡೂದಿಲ್ಲ" ಎಂದರು. ಭಾನುವಾರ ಶಾಲೆಯ ಬಯಲಿನಲ್ಲಿ ನನಗೆ ಪಾಠ. ಗುರುಗಳು ನನ್ನ ವಿದ್ಯಾರ್ಥಿನಿಯರೇ. ಒಬ್ಬಳು ಕ್ಯಾರಿಯರ್ ಹಿಡಿದು ಓಡುತ್ತಿದ್ದಳು, ಇನ್ನೊಬ್ಬಳು ಕೂಗುತ್ತಿದ್ದಳು: "ಅಕ್ಕೋರ, ಗಾಲಿ ನೋಡಬ್ಯಾಡ್ರಿ, ಮುಂದ ನೋಡ್ರಿ!" ಎರಡು ಸಲ ಬಿದ್ದೆ. ಮೊಣಕೈ ಕೆತ್ತಿತು. ಮೂರನೆಯ ಭಾನುವಾರ ಕ್ಯಾರಿಯರ್ ಹಿಡಿದವಳು ಕೈಬಿಟ್ಟದ್ದು ನನಗೆ ತಿಳಿಯಲೇ ಇಲ್ಲ.

ಮೊದಲ ದಿನ ಊರು ದಾಟುವಾಗ ಚಹಾದ ಅಂಗಡಿಯ ಮುಂದಿನ ಹುಡುಗರು, "ಚೆನ್ನಮ್ಮ ಕುದರಿ ಬಿಟ್ಟು ಸೈಕಲ್ ಹತ್ಯಾಳಲೇ" ಎಂದು ನಕ್ಕರು. ಸಿಟ್ಟು ಬಂತು. ಮುಂದೆ ಹೋದಂತೆ ನಗು ಬಂತು. 1824ರಲ್ಲಿ ಕಿತ್ತೂರಿನಲ್ಲಿ ಇಂಗ್ಲಿಷರ ಎದುರು ನಿಂತ ರಾಣಿ ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ತೀರಿಕೊಂಡಳು. ಅವಳ ಸಮಾಧಿ ನಮ್ಮ ಊರಿನಲ್ಲೇ ಇದೆ. ಅವಳಿಗಿಂತ ಹಿಂದೆ, ಇದೇ ತಾಲೂಕಿನ ಬೆಳವಡಿಯ ಮಲ್ಲಮ್ಮ ಹೆಂಗಸರ ಪಡೆ ಕಟ್ಟಿ ಶಿವಾಜಿಯ ಸೈನ್ಯದೊಡನೆ ಕಾದಿದವಳು. ಕುದುರೆ ಏರಿದ ಇಬ್ಬರನ್ನು ಚೌಕಿನಲ್ಲಿ, ಕತೆಯಲ್ಲಿ ಪೂಜಿಸುವ ನಾವು, ಸೈಕಲ್ ಏರಿದ ಹೆಣ್ಣನ್ನು ಕಂಡರೆ ನಗುತ್ತೇವೆ!

ನಡುವಿನ ಹಳ್ಳಿಯ ಹನುಮಪ್ಪನ ಗುಡಿಯ ಹತ್ತಿರ ಹುಡುಗಿ ಸೈಕಲ್ ಹಿಡಿದು ನಿಂತಿದ್ದಳು. ಹಿಂದೆ ಸ್ವಲ್ಪ ದೂರದಲ್ಲಿ ಅವಳ ತಂದೆ. ಏನೂ ಮಾತಿಲ್ಲ. ಹೊರಟೆವು.

ಆ ಮೂರು ಕಿಲೋಮೀಟರಿನಲ್ಲಿ ನಾನು ಕಂಡದ್ದನ್ನು ಬಸ್ಸಿನಲ್ಲಿ ಹನ್ನೊಂದು ವರ್ಷವೂ ಕಂಡಿರಲಿಲ್ಲ. ಚಳಿಗಾಲದ ಮುಂಜಾನೆ ಕಡಲೆಯ ಗಿಡದ ಮೇಲಿನ ಇಬ್ಬನಿಯ ಹುಳಿವಾಸನೆ ಮೂಗಿಗೆ ಬರುತ್ತದೆ. ಜೋಳ ಹಾಲುಗಾಳಾದಾಗ ಗಿಳಿ ಓಡಿಸುವವರ ಕವಣೆಯ ಸಪ್ಪಳ ಎರಡು ಹೊಲದಾಚೆಗೂ ಕೇಳುತ್ತದೆ. ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು ಎದುರಾದರೆ ನಾವು ಇಳಿದು ನಿಂತು ಭಂಡಾರ ಹಚ್ಚಿಸಿಕೊಂಡೇ ಮುಂದೆ ಹೋಗಬೇಕು. ಹುಡುಗಿ ಮಗ್ಗಿ ಹೇಳುತ್ತಾಳೆ, ಬೀಜಗಣಿತದ ಲೆಕ್ಕ ಕೇಳುತ್ತಾಳೆ. ಎದುರುಗಾಳಿ ಇದ್ದ ದಿನ ಇಬ್ಬರೂ ಸುಮ್ಮನೆ ಪೆಡಲ್ ತುಳಿಯುತ್ತೇವೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಆ ರಸ್ತೆ ಖಾಲಿ ಇರಲೇ ಇಲ್ಲ. ಹತ್ತಿ ಬಿಡಿಸುವ ಹೆಂಗಸರು, ಕಳೆ ತೆಗೆಯುವವರು, ಕುರಿ ಕಾಯುವ ಅಜ್ಜ ಎಲ್ಲರೂ ಅಲ್ಲಿದ್ದರು. ನಮ್ಮ ಪರಿಚಯ ಅವರಿಗಿರಲಿಲ್ಲ, ಅಷ್ಟೆ. ನಾವು ದಿನಾ ಎಂಟೂವರೆಗೆ ಹಾಯುವುದು ರೂಢಿಯಾಗುತ್ತಲೇ ಅವರು ತಲೆಯೆತ್ತಿ, "ಹೊಂಟ್ರಿ ಅಕ್ಕೋರ?" ಎನ್ನತೊಡಗಿದರು. ಒಂದು ದಿನ ಜ್ವರ ಬಂದು ನಾನು ಹೋಗಲಿಲ್ಲ. ಹುಡುಗಿ ಒಬ್ಬಳೇ ಹೋದಳೆಂದು ಸಂಜೆ ತಿಳಿದು ಎದೆ ಧಸಕ್ಕೆಂದಿತು. ಅವಳು ಮಾತ್ರ ನಿರಾತಂಕವಾಗಿ ಹೇಳಿದಳು: "ಒಬ್ಬಾಕಿ ಎಲ್ಲಿ ಅಕ್ಕೋರ? ಹೊಲದಾಗಿನ ಅವ್ವಗೋಳೆಲ್ಲಾ ನಿಮ್ಮನ್ನ ಕೇಳಿ ಕೇಳಿ ಸಾಕ ಮಾಡಿದ್ರು."

ಮೋಟಾರ್ ಸೈಕಲ್ಲಿನವನು ಮತ್ತೆ ಒಮ್ಮೆ ಕಾಣಿಸಿದ. ಹತ್ತಿ ಬಿಡಿಸುತ್ತಿದ್ದ ನಾಲ್ವರು ಹೆಂಗಸರು ಬದುವಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಅಷ್ಟೇ ಸಾಕಾಯಿತು.

ಆ ಹುಡುಗಿ ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಬೈಲಹೊಂಗಲದಲ್ಲಿ ಪಿ.ಯು.ಸಿ.ಗೆ ಸೇರಿದ್ದಾಳೆ. ಅವಳ ಸೈಕಲ್ಲು ಈಗ ನನಗೆ ಎದುರಾಗಿ ಬರುತ್ತದೆ. ಹನುಮಪ್ಪನ ಗುಡಿಯ ಹತ್ತಿರ ಈಗ ಮೂವರು ಹೊಸ ಹುಡುಗಿಯರು ನಿಂತಿರುತ್ತಾರೆ. ನಾನು ನಿವೃತ್ತಳಾಗಲು ಹೆಚ್ಚು ವರ್ಷ ಉಳಿದಿಲ್ಲ. ಅಷ್ಟರಲ್ಲಿ ಮೂವರು ಆರಾದರೆ ನನ್ನ ಅವಶ್ಯಕತೆ ಇರುವುದಿಲ್ಲ.

ತಂಗಿಯ ಮಗಳು ಬಿಡಲಿಲ್ಲ. "ದೊಡ್ಡವ್ವಾ, ನಿನ್ನ ರಸ್ತೆದ ಫೋಟೋ ಕಳಸು" ಎಂದು ಪೀಡಿಸಿದಳು. ಹೋದ ವಾರ ಸೈಕಲ್ ನಿಲ್ಲಿಸಿ ತೆಗೆದೆ. ಮೂವರು ಹುಡುಗಿಯರು, ಅಜ್ಜನ ಕುರಿಗಳು, ತಲೆಯ ಮೇಲೆ ಬುತ್ತಿ ಹೊತ್ತ ಹೆಂಗಸರು, ಅಡ್ಡ ಬಂದ ಒಂದು ಚಕ್ಕಡಿ, ಎಲ್ಲವೂ ಅದರಲ್ಲಿ ಬಂದವು.

ಅವಳ ಉತ್ತರ ಕೂಡಲೇ ಬಂತು: "ದೊಡ್ಡವ್ವಾ, ಇದರಾಗ ರಸ್ತೆ ಎಲ್ಲೈತಿ?"