ಮನೆತನದ ಹೆಸರೂ ಲಾಂಛನವೂ

"ನಮ್ಮ ಮನೆತನದ ಲಾಂಛನ ಯಾವುದು?" ಎಂದು ವಿದ್ಯಾರ್ಥಿಗಳು ನಮ್ಮನ್ನು ಆಗಾಗ ಕೇಳುವುದುಂಟು. ಆಂಗ್ಲರ ಮನೆತನಗಳಿಗೆ ಸಿಂಹ, ಖಡ್ಗಗಳ ಗುರುತುಗಳಿರುವುದನ್ನು ಅವರು ಓದಿರುತ್ತಾರೆ. ಬಡಿಗೇರ, ಕುಂಬಾರ ಎಂಬ ತಮ್ಮ ಅಡ್ಡಹೆಸರುಗಳನ್ನು ಹೇಳಲು ಮಾತ್ರ ಸಂಕೋಚಪಡುತ್ತಾರೆ.

ಆದರೆ ಆಂಗ್ಲರಲ್ಲಿಯೂ ಲಾಂಛನವು ಅಡ್ಡಹೆಸರಿಗೆ ಸೇರಿದ್ದಲ್ಲ. 1484ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಲಾಂಛನ ಸಂಸ್ಥೆಯು ಅದನ್ನು ವ್ಯಕ್ತಿಗೆ ನೀಡುತ್ತದೆ. ಅವನ ವಂಶಜರಿಗೆ ಅದು ಸಲ್ಲುತ್ತದೆ. ಅದೇ ಹೆಸರಿನ ಇತರರಿಗೆ ಅದರಲ್ಲಿ ಹಕ್ಕಿಲ್ಲ.

ನಾವು ಬಂದು ನೆಲಸಿರುವ ಈ ಕೊಂಡಪಲ್ಲಿಯ ಸೀಮೆಯ ಚರಿತ್ರೆಯನ್ನೇ ನೋಡಿರಿ. 7ನೆಯ ಶತಮಾನದಲ್ಲಿ ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮನಾದ ಕುಬ್ಜ ವಿಷ್ಣುವರ್ಧನನು ವೆಂಗಿಯನ್ನಾಳತೊಡಗಿದನು. ಅವನ ವಂಶದವರ ತಾಮ್ರಶಾಸನಗಳ ಮುದ್ರೆಗಳಲ್ಲಿ ಚಾಲುಕ್ಯರ ವರಾಹವು ಇಂದಿಗೂ ಕಾಣುತ್ತದೆ. 16ನೆಯ ಶತಮಾನದ ಆದಿಯಲ್ಲಿ ಕೊಂಡಪಲ್ಲಿಯ ಕೋಟೆಯನ್ನು ಗೆದ್ದ ಕೃಷ್ಣದೇವರಾಯನು ತುಳುವ ವಂಶದವನು; ಆದರೂ ವಿಜಯನಗರದ ಲಾಂಛನವೂ ವರಾಹವೇ. ಅದು ಆಳ್ವಿಕೆಯ ಗುರುತಾಗಿದ್ದಿತೇ ಹೊರತು ಒಂದೇ ರಕ್ತದ ಸೊತ್ತಾಗಿರಲಿಲ್ಲ.

ಕೋಟೆಯನ್ನಾಳಿದ ಅರಸರೆಲ್ಲ ಹೋದರು. ಅದರ ಬುಡದ ಊರಿನಲ್ಲಿ ಪೊಣಿಕಿ ಮರವನ್ನು ಕೆತ್ತಿ ಬೊಂಬೆ ಮಾಡುವ ಕೈಗಳು ಇನ್ನೂ ನಿಂತಿಲ್ಲ. ಬಾಲಕರೇ, ಬಡಿಗೇರನೆಂಬ ಹೆಸರಿನಲ್ಲಿ ಬಾಚಿಯಿದೆ, ಕುಂಬಾರನೆಂಬುದರಲ್ಲಿ ತಿಗುರಿಯಿದೆ. ನಿಮ್ಮ ಹಿರಿಯರು ದುಡಿದು ಉಂಡದ್ದಕ್ಕೆ ಅವು ಸಾಕ್ಷಿ. ನಾಳೆ ನೀವು ವೈದ್ಯರೋ ವಕೀಲರೋ ಆಗಬಹುದು. ಆ ಹೆಸರು ನಿಮ್ಮನ್ನು ತಡೆಯದು. ಹಾಜರಿ ಕರೆಯುವಾಗ ಅದನ್ನು ತಲೆಯೆತ್ತಿ ಹೇಳಿರಿ.